ಒಂದು ನೆರಳು

ದಕ್ಷಿಣದ ಕಡಲೂರು ಮಾಲಗಾದಲ್ಲಿ ಅಂದು ಬೆಟ್ಟದ ಕಡೆಯಿಂದ ತೆರಾಲ್ ಬೀಸುತ್ತಿತ್ತು. ಆ ಬಿಸಿಗಾಳಿ ಎದ್ದ ದಿನ ಮಧ್ಯಾಹ್ನ ಬೀದಿ ಸುತ್ತುವವರು ಪ್ರವಾಸಿಗರು, ಇಲ್ಲವೇ ತಲೆ ಕೆಟ್ಟವರು. ಎಲೋಯ್ ಎರಡೂ ಆಗಿದ್ದ. ತಲೆಗೆ ಹುಲ್ಲಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಹೋಟೆಲಿನವರು ಕೊಟ್ಟ ನಕ್ಷೆ. ಹುಟ್ಟಿದ ಊರಿಗೆ ನಕ್ಷೆ ಹಿಡಿದು ಬರುವವನಿಗೆ ಏನನ್ನಬೇಕೋ!

ಬಂದದ್ದು ಅಕ್ಕ ರೆಮೆಡಿಯೋಸ್‌ಳ ಹತ್ತಿರ ತಪ್ಪೊಪ್ಪಿಕೊಳ್ಳಲು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವಳು ಮೂರು ಸಲ ಫೋನು ಮಾಡಿದ್ದಳು. ದೂರದ ಬಿಲ್ಬಾವೊ ನಗರದಲ್ಲಿದ್ದ ಇವನು ಕೆಲಸದ ನೆಪ ಹೇಳಿ ಮಣ್ಣಿಗೂ ಬರಲಿಲ್ಲ. ನಿಜವೆಂದರೆ, ಅಮ್ಮನ ಹೆಣ ನೋಡಲು ಹೆದರಿದ್ದ. ಆಮೇಲೆ ಅವಳ ಫೋನೂ ನಿಂತಿತು.

ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬಂದರಿನ ತನಕ ಹೋದ, ಮೀನಿನ ಮಾರುಕಟ್ಟೆಯಿಂದ ತಿರುಗಿದ, ಒಂಟಿ ಗೋಪುರದ ದೊಡ್ಡ ಇಗರ್ಜಿಯನ್ನು ಸುತ್ತಿದ. ಹಳೇ ಊರು ಅಂಗೈಯಗಲ. ಯಾವ ಓಣಿ ಹೊಕ್ಕರೂ ಕಾಲು ಅಮ್ಮನ ಕಾಫಿ ಅಂಗಡಿಯೆದುರಿಗೇ ತಂದು ನಿಲ್ಲಿಸುತ್ತಿತ್ತು. ಈಗ ಅದನ್ನು ನಡೆಸುವವಳು ರೆಮೆಡಿಯೋಸ್. ನಾಲ್ಕು ಸಲ ಬಾಗಿಲ ಮುಂದೆ ಹಾದುಹೋದ. ಐದನೆಯ ಸಲ, ಧೈರ್ಯ ಬಂದಲ್ಲ, ಕಾಲು ಸೋತು ಹೊರಗಿನ ಮೇಜಿಗೆ ಕೂತ.

ರೆಮೆಡಿಯೋಸ್ ಬಂದಳು. "ಹೇಳಿ ಸಾರ್, ಏನ್ ಕೊಡ್ಲಿ?"

ಗುರುತು ಹತ್ತಲಿಲ್ಲವೆಂದು ಅವನಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. "ಒಂದು ನೆರಳು," ಎಂದುಬಿಟ್ಟ.

ನಾಲಿಗೆ ಕೈಕೊಟ್ಟಿತ್ತು. ಹಾಲು ಎಷ್ಟು, ಕಾಫಿ ಎಷ್ಟು ಎಂಬುದಕ್ಕೆ ಅರ್ಧ, ನೆರಳು, ಮೋಡ ಎಂದು ಹೆಸರಿಟ್ಟು ಕೇಳುವವರು ಮಾಲಗಾದವರು ಮಾತ್ರ. ಬಿಲ್ಬಾವೊದಲ್ಲಿ ನೆರಳು ಕೊಡಿ ಎಂದರೆ ಮರ ತೋರಿಸುತ್ತಾರೆ.

ಪಕ್ಕದ ಮೇಜಿನ ಮುದುಕ ಕಿಸಕ್ಕನೆ ನಕ್ಕ. "ರೆಮೆ, ಇವ್ನು ನಮ್ಮೂರೋನೇ ಕಣೇ! ಟೋಪಿ ಮಾತ್ರ ಬಾಡಿಗೇದು!"

"ಗೊತ್ತು," ಎಂದಳು ಅವಳು. "ನಾಲ್ಕು ಸಲ ಹೋಗಿ ಬಂದಿದ್ದೂ ಗೊತ್ತು. ಆ ನಡಿಗೆ ನಮ್ಮಪ್ಪಂದು." ಒಳಗೆ ಹೋದಳು.

ಎಲೋಯ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾದ. ಕಾಫಿ ತರುತ್ತಾಳೆ, ಬಹುಶಃ ಎದುರಿಗೆ ಕೂರುತ್ತಾಳೆ, ಅಳುತ್ತಾಳೆ, ತಾನೂ ಅತ್ತುಬಿಡಬಹುದು.

ಅವಳು ಖಾಲಿ ಗಾಜಿನ ಲೋಟ ತಂದು ಇಟ್ಟಳು. ಮಾಲಗಾದ ಕಾಫಿ ಪಟ್ಟಿಯ ಕೊನೆಗೆ ಒಂದು ತಮಾಷೆಯ ಹೆಸರಿದೆ: 'ಹಾಕಲೇಬೇಡಿ'. ಹಾಲಿಲ್ಲ, ಕಾಫಿಯಿಲ್ಲ, ಬರೀ ಲೋಟ. ರೇಗಿಸುವ ಗೆಳತಿಯರ ಮುಂದೆ ಅಮ್ಮ ಹಾಗೆ ಇಟ್ಟರೆ ಅಂಗಡಿಗೆ ಅಂಗಡಿಯೇ ನಗುತ್ತಿತ್ತು. ಈಗ ಮುದುಕನೂ ಮುಖ ತಿರುಗಿಸಿಕೊಂಡ.

ಎಲೋಯ್ ಕನ್ನಡಕ ತೆಗೆದ. "ರೆಮೆ, ತಪ್ಪಾಯ್ತು. ಹೆದರಿಬಿಟ್ಟೆ ಕಣೇ. ಅಷ್ಟೇ, ಬೇರೇನಿಲ್ಲ. ಬೈಯಿ. ಬೇಕಾದ್ರೆ ಎರಡು ಬಿಡು."

ಚಿಕ್ಕಂದಿನಿಂದ ಅವಳ ಬಾಯಲ್ಲಿ 'ಲೋ ಕತ್ತೆ' ಬಿಟ್ಟು ಬೇರೆ ಹೆಸರು ಕೇಳಿದವನಲ್ಲ. ಅದೊಂದು ಮಾತಿಗಾಗಿ ಜೀವ ಬಾಯಿ ಬಾಯಿ ಬಿಡುತ್ತಿತ್ತು.

ಅವಳು ಮೇಜನ್ನು ನಿಧಾನವಾಗಿ ಒರೆಸಿದಳು, ಲೋಟದ ಸುತ್ತಲೂ ಒರೆಸಿದಳು.

"ನಾವು ಬೈಯೋದು ಮನೆಯವರನ್ನ," ಎಂದಳು. "ಗಿರಾಕಿಗಳನ್ನ ಬೈಯಲ್ಲ, ಸಾರ್."