ಸೂಜಿ ಚುಚ್ಚಿಟ್ಟ ಬಾಟಲಿ

ದೊಡ್ಡಮ್ಮನ ಮುಂಗೈಗೆ ಅಂಟಿದ್ದ ಪ್ಲಾಸ್ಟರನ್ನು ನರ್ಸು ಒದ್ದೆ ಬಟ್ಟೆಯಲ್ಲಿ ನೆನೆಸಿ ನೆನೆಸಿ ಬಿಡಿಸುತ್ತಿದ್ದಳು. ಸತ್ತವರಿಗೆ ನೋವೆಲ್ಲಿ? ಆದರೂ ಕಿತ್ತೆಳೆಯಲು ಮನಸ್ಸು ಬರಲಿಲ್ಲ.

“ಮೂವತ್ತು ವರ್ಷ ನರ್ಸಾಗಿ ಊರಿಗೆಲ್ಲ ಸೂಜಿ ಚುಚ್ಚಿದೋಳು,” ಎಂದಳು ಪಕ್ಕದ ಮನೆಯ ಕಿವಿಮಂದದ ಅಜ್ಜಿ. “ತನಗೆ ಚುಚ್ಚೋಕೆ ಬಂದ್ರೆ ಮಂಚದ ಕೆಳಗೆ ಅವಿತ್ಕೋತಿದ್ಲು ಪುಣ್ಯಾತ್ಗಿತ್ತಿ!”

ಹೆಂಗಸರು ಅಳುತ್ತಲೇ ನಕ್ಕರು. ನರ್ಸಿನ ಅಮ್ಮ ಮಾತ್ರ ಮಗಳ ಭುಜ ಹಿಡಿದಳು. “ಬರೀ ವಾಂತಿ ಅಂತ ಆಸ್ಪತ್ರೆಗೆ ನಡ್ಕೊಂಡೇ ಹೋದ್ಲಲ್ಲೇ. ನಿನ್ನ ವಾರ್ಡು, ನಿನ್ನ ಕೈ ಅಂತ ಧೈರ್ಯವಾಗಿ ಕಳಿಸ್ದೆ. ಏನಾಯ್ತೇ ನನ್ನಕ್ಕಂಗೆ?”

ಪ್ಲಾಸ್ಟರು ಬಿಟ್ಟಿತು. ಕೆಳಗೆ ಸಾಸಿವೆಯಷ್ಟು ಗಾಯ.

*

ವಾರ್ಡಿನ ಟ್ರೇಯಲ್ಲಿ ಸದಾ ಒಂದು ಸಲೈನ್ ಬಾಟಲಿ, ರಬ್ಬರು ಮುಚ್ಚಳಕ್ಕೆ ಸೂಜಿ ಚುಚ್ಚಿಟ್ಟಂತೆಯೇ. ರೋಗಿಗಳ ಕೈಯ ನಳಿಕೆ ಕಟ್ಟಿಕೊಳ್ಳದಂತೆ ತೊಳೆಯಲು ಎಲ್ಲರೂ ಅದರಿಂದಲೇ ಸಿರಿಂಜಿಗೆ ಎಳೆದುಕೊಳ್ಳುವುದು. ಅದನ್ನು ಕಲಿಸಿದವಳೂ ದೊಡ್ಡಮ್ಮನೇ. “ಬೆಳಕಿಗೆ ಹಿಡಿದು ನೋಡೇ. ತಿಳಿಯಾಗಿದ್ರೆ ಅಮೃತ, ಕದಡಿದ್ರೆ ವಿಷ.” ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ಹಿರಿಯರು, ಕಣ್ಣು ಬಿಟ್ಟರೆ ಪರಾಂಬರಿಸಲು ಅವರ ಬಳಿ ಬೇರೇನಿತ್ತು?

ನಿನ್ನೆ ಬೆಳಿಗ್ಗೆಯೂ ನರ್ಸು ಹಾಗೆಯೇ ಹಿಡಿದು ನೋಡಿದ್ದಳು. ಮೂರು ದಿನದ ಬಾಟಲಿ, ನೀರು ಸ್ಫಟಿಕ.

ಮಂಚದ ಮೇಲೆ ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. “ನೋಡಿದ್ಯೇನೇ?”

“ನೋಡಿದೆ ದೊಡ್ಡಮ್ಮ, ಅಮೃತ.”

ಅರ್ಧ ಗಂಟೆಯಲ್ಲಿ ಹಲ್ಲು ಕಟಕಟಿಸುವ ಚಳಿ. ಮೂರು ಕಂಬಳಿಗೂ ಮಂಚ ಅಲುಗುವುದು ನಿಲ್ಲಲಿಲ್ಲ.

*

“ಅಕ್ಕಾ,” ವಾರ್ಡಿನಿಂದ ಬಂದ ಕಿರಿಯ ನರ್ಸು ಪಿಸುಗುಟ್ಟಿದಳು. “ನಾಲ್ಕನೇ ಬೆಡ್ಡಿನ ಬಾಣಂತಿಗೂ ಚಳಿಜ್ವರ. ಮಲೇರಿಯಾ ಇರ್ಬೇಕು ಅಂತಿದಾರೆ ಡಾಕ್ಟ್ರು.”

ನರ್ಸು ಅವಳ ಕೈ ಹಿಡಿದಳು. “ಟ್ರೇಯಲ್ಲಿರೋ ಬಾಟ್ಲಿ?”

“ಇನ್ನೂ ಅರ್ಧ ಇದೆ. ತಿಳಿಯಾಗೇ ಇದೆ, ನಾನೇ ನೋಡ್ದೆ.”

ಹನ್ನೊಂದಕ್ಕೆ ವಾರ್ಡಿನಲ್ಲಿ ಮತ್ತೆ ಇಂಜೆಕ್ಷನ್ನಿನ ಹೊತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು. ಹೇಳಿದರೆ ಪಕ್ಕದಲ್ಲೇ ಕುಳಿತ ಅಮ್ಮನ ಕಿವಿಗೆ ಬೀಳುತ್ತದೆ. ಎದ್ದು ಹೊರಗೆ ಹೋಗೋಣವೆಂದರೆ ಅಮ್ಮ ಭುಜ ಬಿಟ್ಟಿಲ್ಲ. ದೇವರೇ, ನಾಲಿಗೆ ಕೊಡು ಎಂದುಕೊಂಡು ವಾರ್ಡಿಗೆ ಫೋನು ಮಾಡಿದಳು.

“ಆ ಬಾಟ್ಲಿಯಿಂದ ಯಾರಿಗೂ ಹಾಕ್ಬೇಡಿ. ಚೆಲ್ಲಲೂಬೇಡಿ, ಪರೀಕ್ಷೆಗೆ ಕಳಿಸಿ. ತಿಳಿಯಾಗಿದ್ರೂ ಸೂಜಿ ತೂತಿಂದ ನಂಜು ಸೇರಿರ್ಬಹುದು. ದೊಡ್ಡಮ್ಮಂಗೆ ಅದ್ರಿಂದಲೇ ಹಾಕಿದ್ದು... ನಾನೇ ಹಾಕಿದ್ದು.”

ಮನೆಯಲ್ಲಿ ಅಳು ನಿಂತಿತು. ಅಮ್ಮನ ಕೈ ಅವಳ ಭುಜದಿಂದ ಮೆಲ್ಲಗೆ ಜಾರಿತು.

ಏನೂ ಕೇಳಿಸದ ಅಜ್ಜಿ ಒಳಗಿನಿಂದ ನೀರು ತಂದಳು. “ಕುಡಿಯಮ್ಮ, ಬೆಳಗಿಂದ ಗಂಟ್ಲು ಒಣಗಿಸ್ಕೊಂಡಿದೀಯ.”

ನರ್ಸು ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ತಿಳಿಯಾಗಿತ್ತು. ತುಂಬಿದ ಲೋಟ ತುಳುಕಿ ನೀರು ಮೊಣಕೈಗೆ ಇಳಿಯತೊಡಗಿದರೂ ಹಿಡಿದೇ ಇದ್ದಳು.