ವರ್ಷ ತುಂಬುವ ಮೊದಲು

ಕೋರ್ಟಿನ ತೀರ್ಪು ಬಂದ ದಿನ ಅವಳು ಲ್ಯಾಬಿನವರಿಗೆಲ್ಲ ಚಾಕೊಲೇಟು ಹಂಚಿದ್ದಳು. ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬು ಅದು. ಡಾಕ್ಟರುಗಳು ಕಳಿಸಿದ ಒಸಡಿನ ಅಚ್ಚಿನ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಕಾಣದ ಊರಿನ ಯಾರದೋ ಬಾಯಿಗೆ ನಗು ತಯಾರು ಮಾಡುವುದು ಅವಳ ಕೆಲಸ. ಚಾಕೊಲೇಟಿನ ಕಾಗದ ಗುಡಿಸುವಷ್ಟರಲ್ಲಿ ವಕೀಲೆಯ ಫೋನು ಬಂತು. ಅವಳು ಖುಷಿಯಲ್ಲಿ ಚಾಕೊಲೇಟಿನ ವಿಷಯ ಹೇಳಿದಳು.

"ಹಂಚಿಬಿಟ್ರಾ? ಇದು ಡೈವೋರ್ಸ್ ಅಲ್ಲಮ್ಮ."

ಸಂಜೆ ವಕೀಲೆಯ ಆಫೀಸಿನಲ್ಲಿ ಕೂತಾಗ ವಿಷಯ ಬಿಡಿಬಿಡಿಯಾಗಿ ತಲೆಗಿಳಿಯಿತು. ಗಂಡನಿಂದ ಬೇರೆ ಇರಲು ಕೋರ್ಟು ಒಪ್ಪಿದೆ, ಬಂದು ಸಂಸಾರ ಮಾಡು ಎಂದು ಇನ್ನು ಯಾರೂ ಅವಳನ್ನು ಎಳೆಯುವಂತಿಲ್ಲ. ಆದರೆ ಮದುವೆ ಮುರಿದಿಲ್ಲ. ಅವಳಿನ್ನೂ ಅವನ ಹೆಂಡತಿ.

"ಹಸುನ ಕೊಟ್ಟಿಗೆಯಿಂದ ಆಚೆ ಬಿಟ್ಟಿದ್ದಾರೆ, ಅಷ್ಟೆ. ಹಗ್ಗ ಅವನ ಗೂಟದಲ್ಲೇ ಇದೆ" ಅಂದಳು ವಕೀಲೆ.

"ನಾನು ಹಸುನಾ ಮೇಡಂ?"

"ಒದೆಯೋದು ಕಲಿತಿಲ್ಲವಲ್ಲ, ಅದಕ್ಕೆ ಹಾಗಂದೆ. ನೋಡಿ, ಒಂದು ವರ್ಷ ಹೀಗೇ ಬೇರೆ ಇದ್ದರೆ ಅದನ್ನೇ ಆಧಾರ ಮಾಡಿ ಡೈವೋರ್ಸ್ ಕೇಳಬಹುದು, ಕೊಡ್ತಾರೆ. ನಡುವೆ ಗಂಡ ಹೆಂಡತಿ ಮತ್ತೆ ಒಂದೇ ಸೂರಿನಡಿ ಸಂಸಾರ ಶುರು ಮಾಡಿದರೋ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಮೊದಲಿಂದ ಎಣಿಸಬೇಕು."

ಅವಳಿಗೆ ನಗು ಬಂತು. ಮತ್ತೆ ಆ ಮನೆಗೆ? ಎಡಗೈಯ ಎರಡು ಬೆರಳುಗಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದ ಒಂದು ಮಧ್ಯಾಹ್ನ ಅವನು ಬಾಗಿಲು ಹಾಕಿದ್ದ, ಚೌಕಟ್ಟಿನ ಮೇಲೆ ಅವಳ ಕೈ ಇರುವುದನ್ನು ನೋಡಿಕೊಂಡೇ. ಆಸ್ಪತ್ರೆಯಲ್ಲಿ "ಗಾಳಿಗೆ ಬಡೀತು" ಅಂದಿದ್ದ. ಅವನು ಕೂಗಾಡುವ ಗಂಡಸಲ್ಲ. ತಗ್ಗಿದ ದನಿಯವನು, ನೆರೆಹೊರೆಗೆ ಸಂಭಾವಿತ.

ಆ ದಿನ ಬೆರಳುಗಳನ್ನು ತಣ್ಣೀರಿನ ಕೆಳಗೆ ಹಿಡಿದವಳು ಅತ್ತೆ. "ಗಾಳಿ ಇರಲಿಲ್ಲ" ಅಂದಿದ್ದಳು ನಲ್ಲಿಯನ್ನೇ ನೋಡುತ್ತ. "ನಾನು ಹೆತ್ತಿದ್ದು, ನನಗೆ ಗೊತ್ತಿಲ್ವಾ. ಹೋಗು ಮಗಳೆ. ಬ್ಯಾಗು ನಾನು ತುಂಬ್ತೀನಿ." ಕೋರ್ಟಿನಲ್ಲಿ ಮಾತ್ರ ಮಗನ ಪಕ್ಕ ತುಟಿ ಹೊಲಿದುಕೊಂಡು ಕೂತಿದ್ದಳು. ಸೊಸೆಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ನೀರಲ್ಲಿದ್ದು ಮೊಸಳೆಯ ಮೇಲೆ ದೂರು ಹೇಳುವುದು ಹೇಗೆ?

ಅತ್ತೆಯ ಹಲ್ಲಿನ ಸೆಟ್ಟನ್ನು ಮಾಡಿಕೊಟ್ಟವಳೂ ಇವಳೇ. "ಊರಲ್ಲೆಲ್ಲ ಸೊಸೆಯಂದಿರು ಅತ್ತೆಯ ಹಲ್ಲು ಕೀಳೋಕೆ ಕಾಯ್ತಿರ್ತಾರೆ, ನೀನು ಕೂರಿಸಿಕೊಟ್ಟೆಯಲ್ಲೇ, ಪೆದ್ದಿ" ಎಂದು ಮುದುಕಿ ಕನ್ನಡಿಯಲ್ಲಿ ಕಿಸಿದು ನೋಡಿಕೊಂಡಿದ್ದಳು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಅವಳಿಗೆ, ಮದುವೆಯಲ್ಲಿ ಸಿಕ್ಕಿದ್ದು ಏನಾದರೂ ಇದ್ದರೆ ಅದು ಈ ಮುದುಕಿಯೊಬ್ಬಳೇ.

ವರ್ಷ ತುಂಬಲು ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಅವನ ಫೋನು ಬಂತು.

"ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ನಿನ್ನನ್ನೇ ಕೇಳ್ತಾಳೆ. ನೋಡಬೇಕು ಅನ್ನಿಸಿದ್ರೆ ಬಾ. ಬಲವಂತ ಇಲ್ಲ."

ವಕೀಲೆ ಕೇಳಿ ಪೆನ್ನು ಕೆಳಗಿಟ್ಟಳು. "ಹಗಲು ಹೋಗಿ, ದೀಪ ಹಾಕೋ ಹೊತ್ತಿಗೆ ಆಚೆ ಬನ್ನಿ. ನಿಮ್ಮದೊಂದು ಬಾಚಣಿಗೆ ಕೂಡ ಅಲ್ಲಿ ಉಳೀಬಾರದು. ಒಂದೇ ಒಂದು ರಾತ್ರಿ ಉಳಿದ್ರೂ ಅವನ ವಕೀಲ ಅದನ್ನ ಸಂಸಾರ ಅಂತ ತೋರಿಸ್ತಾನೆ. ಬಾಗಿಲ ಒಳಗೆ ನಡೆದಿದ್ದಕ್ಕೆ, ನಡೆಯದೆ ಇದ್ದಿದ್ದಕ್ಕೆ, ಸಾಕ್ಷಿ ಯಾರಮ್ಮ?"

ಅವಳು ಲ್ಯಾಬಿಗೆ ಮಧ್ಯಾಹ್ನದ ರಜೆ ಬರೆದುಕೊಟ್ಟಳು. ಅತ್ತೆಯ ಕೋಣೆ ಬೀದಿಯ ಕಡೆಗಿತ್ತು. ಮಂಚ, ಔಷಧಿ ಬಾಟಲಿಗಳ ಸ್ಟೂಲು, ಡೆಟಾಲಿನ ವಾಸನೆ. ಮುದುಕಿ ಕಡ್ಡಿಯಾಗಿದ್ದಳು. ಹಲ್ಲಿನ ಸೆಟ್ಟು ಲೋಟದ ನೀರಿನಲ್ಲಿ ಬಿದ್ದಿತ್ತು. ಅಗಿಯುವುದು ಬಿಟ್ಟಮೇಲೆ ಹಲ್ಲು ಯಾಕೆ? ಸೊಸೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸಿದಳು, ಮಗ್ಗುಲು ಬದಲಿಸಿದಳು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು. ರಾತ್ರಿಗೆ ಒಬ್ಬ ಆಯಾ ಬರುತ್ತಿದ್ದಳು.

ಕೆಲವು ದಿನ ಹೀಗೆ ನಡೆಯಿತು. ಒಮ್ಮೆ ಹೊರಡುವಾಗ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಒಳಗಿನ ರ‍್ಯಾಕಿನಲ್ಲಿ, ಅವನ ಶೂಗಳ ಪಕ್ಕ, ಒಪ್ಪವಾಗಿ ಜೋಡಿಸಿಟ್ಟಿತ್ತು. ಮರುದಿನ ಎದುರುಮನೆಯ ಟೀಚರಮ್ಮ ಗೇಟಿನಲ್ಲೇ ಹಿಡಿದುಕೊಂಡಳು. "ಅಂತೂ ವಾಪಸ್ ಬಂದ್ಯಲ್ಲಮ್ಮ. ನಿನ್ನ ಗಂಡ ಹೇಳಿದ್ರು. ಸಂತೋಷ."

"ಬಂದಿಲ್ಲ ಟೀಚರೇ. ಅತ್ತೆನ ನೋಡ್ಕೊಂಡು ಹೋಗ್ತೀನಿ, ಅಷ್ಟೆ."

"ಎಲ್ಲ ಹಾಗೇ ಶುರು ಆಗೋದು" ಎಂದು ಟೀಚರಮ್ಮ ನಕ್ಕಳು. ಕೆಟ್ಟ ಹೆಂಗಸಲ್ಲ. ಕಂಡದ್ದನ್ನು ಕಂಡಹಾಗೆ ಹೇಳುವವಳು, ಕಾಣದ್ದನ್ನು ಊಹಿಸುವ ಅಭ್ಯಾಸ ಮಾತ್ರ ಸ್ವಲ್ಪ ಹೆಚ್ಚು.

ಅದಾದ ವಾರ ಒಂದು ಸಂಜೆ ಅವನು ಕೋಣೆಯ ಬಾಗಿಲಿಗೆ ಒರಗಿ ನಿಂತ. "ಆಯಾ ಬಿಟ್ಟು ಹೋದಳು. ಬೇರೆಯವರು ಸಿಗ್ತಿಲ್ಲ. ನನಗೆ ನಿದ್ದೆ ಕೆಡೋಕೆ ಆಗಲ್ಲ, ಬೆಳಗ್ಗೆ ಆಫೀಸಿದೆ. ನಮ್ಮ ರೂಮು ಗುಡಿಸಿದ್ದೀನಿ. ಇರೋದಾದ್ರೆ ಇರು. ಇಲ್ಲ ಅಂದ್ರೆ ಅಮ್ಮನ ಹಣೆಬರಹ."

ಆಯಾ ತಾನಾಗಿ ಹೋದಳೋ, ಇವನೇ ಕಳಿಸಿದನೋ ಎಂದು ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಮುದುಕಿಯ ಉಸಿರು ಮಧ್ಯಾಹ್ನದಿಂದ ಗೊರಗೊರ ಎನ್ನುತ್ತಿತ್ತು. ಈ ಜೀವ ಕತ್ತಲಲ್ಲಿ ನೀರು ಬೇಕೆಂದು ಕೈ ಚಾಚುತ್ತದೆ, ಪಕ್ಕದ ಕೋಣೆಯಲ್ಲಿ ಅವನು ಮಗ್ಗುಲು ಬದಲಿಸಿ ಮಲಗುತ್ತಾನೆ. ಹೋದರೆ ಒಂದು ವರ್ಷ ಹೋಗುತ್ತದೆ, ಹೋಗಲಿ ಅನ್ನಿಸಿತು. ಮರುಕ್ಷಣ ಬೆರಳುಗಳು ಸಣ್ಣಗೆ ಸೆಳೆದವು. ಆದರೂ ಅವಳು ಬಗ್ಗಿ ಹೇಳಿದಳು.

"ಅತ್ತೆ, ಇವತ್ತು ಇಲ್ಲೇ ಇರ್ತೀನಿ."

ಮುದುಕಿ ಕಣ್ಣು ತೆರೆದಳು. ಸೊಸೆಯನ್ನು ನೋಡಿದಳು, ಅವಳ ಹಿಂದೆ ನಿಂತಿದ್ದ ಮಗನನ್ನು ನೋಡಿದಳು. ಅವನು ನೀರಿನ ಜಗ್ಗು ತುಂಬಿಸಲು ಒಳಗೆ ಹೋದ.

"ಎತ್ತಿ ಕೂರಿಸು. ಸೆಕೆ. ಕಿಟಕಿ ತೆಗಿ."

ಸೊಸೆ ಕಿಟಕಿ ತೆಗೆದಳು. ಎದುರು ಜಗಲಿಯಲ್ಲಿ ಟೀಚರಮ್ಮ ಹೂಕುಂಡಗಳಿಗೆ ನೀರು ಹಾಕುತ್ತಿದ್ದಳು.

"ಹಲ್ಲು ಕೊಡು."

"ಏನಾದರೂ ತಿಂತೀರಾ?"

"ಕೊಡು ಅಂದ್ನಲ್ಲ."

ಹಲ್ಲು ಕೂರಿಸಿಕೊಂಡು, ಒಂದು ಸಲ ಕಚ್ಚಿ ನೋಡಿ, ಮುದುಕಿ ಎದೆತುಂಬ ಉಸಿರೆಳೆದಳು. ಆ ಬಡಕಲು ಗೂಡಿನಿಂದ ಅಂಥ ದನಿ ಹೊರಟೀತೆಂದು ಯಾರೂ ಎಣಿಸುವಂತಿರಲಿಲ್ಲ.

"ಎದ್ದು ನಡೀ ನನ್ನ ಮನೆಯಿಂದ. ನನ್ನ ಮಗನ ಬಾಳು ಹಾಳು ಮಾಡಿದೋಳು, ಈಗ ನಾಟಕ ಆಡೋಕೆ ಬಂದ್ಯಾ? ಈ ಮನೇಲಿ ನಿನಗೆ ಜಾಗ ಇಲ್ಲ. ರಾತ್ರಿ ಇರ್ತಾಳಂತೆ. ನಾನು ನೀರಿಲ್ಲದೆ ಸಾಯ್ತೀನಿ, ನಿನ್ನ ಕೈಯಿಂದ ಕುಡಿಯಲ್ಲ. ಟೀಚರೇ, ಕೇಳಿಸ್ತಾ? ಈ ಮಾರಿನ ಆಚೆ ಕಳಿಸಿ."

ಟೀಚರಮ್ಮ ಕೈಯಲ್ಲಿದ್ದ ಮಗ್ಗನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಒಳಗಿನಿಂದ ಅವನು ಓಡಿ ಬರುವ ಸದ್ದಾಯಿತು. ಅಷ್ಟರಲ್ಲಿ ಮುದುಕಿ, ತುಟಿ ಅಲುಗಿದಂತೆಯೂ ಕಾಣದ ಹಾಗೆ, "ಬ್ಯಾಗು ತಗೋ. ಅಳಬೇಡ, ಅವಳು ನೋಡ್ತಿದ್ದಾಳೆ" ಅಂದಳು. ಹೊದಿಕೆಯ ಕೆಳಗೆ ಅವಳ ಕೈ ಸೊಸೆಯ ಕೈಯನ್ನು ಒಮ್ಮೆ ಹಿಂಡಿ ಆಚೆ ನೂಕಿತು.

ಅವಳು ಹೊರಟಳು. ಬಾಗಿಲಲ್ಲಿ ಅವನು ತಗ್ಗಿದ ದನಿಯಲ್ಲೇ, "ಇಬ್ಬರೂ ಸೇರಿ ಚೆನ್ನಾಗಿ ಆಡಿದ್ರಿ" ಅಂದ. ಬಸ್ಸಿನಲ್ಲಿ ಕೂತು, ತಿರುವು ದಾಟಿ, ಆ ಬೀದಿ ಮರೆಯಾದ ಮೇಲೂ ಅವಳಿಗೆ ಅಳು ಬರಲಿಲ್ಲ. ಮರುದಿನ ಫೋನು ಮಾಡಿದರೆ ಅವನು ಎತ್ತಲಿಲ್ಲ. ಅದರ ಮರುದಿನ ಸುದ್ದಿ ಬಂತು. ರಾತ್ರಿಯಲ್ಲಿ ಯಾವಾಗಲೋ ಪ್ರಾಣ ಹೋಗಿದೆ, ಬೆಳಗ್ಗೆ ನೋಡಿಕೊಂಡರಂತೆ.

ಅವಳು ಓಡಿ ಹೋದಾಗ ಗೇಟಿಗೆ ಅಡ್ಡ ನಿಂತವಳು ಟೀಚರಮ್ಮ. ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದಳು. "ಬೇಡಮ್ಮ. ಆಯಮ್ಮ ಅಷ್ಟು ಬಾಯಿಬಿಟ್ಟು ಹೇಳಿದ್ದು ನಾನೇ ಕೇಳಿದೀನಿ. ಸತ್ತ ಮೇಲಾದ್ರೂ ಅವರ ಮಾತು ನಡೀಲಿ."

ಗೇಟಿನ ಕಂಬಿ ಹಿಡಿದು ಅವಳು ಸ್ವಲ್ಪ ಹೊತ್ತು ನಿಂತಳು. ನಿಜ ಹೇಳಿದರೆ ಒಳಗೆ ಬಿಡುತ್ತಿದ್ದರು. ಹೇಳಲಿಲ್ಲ.

ವರ್ಷ ತುಂಬಿತು. ಡೈವೋರ್ಸಿನ ಅರ್ಜಿ ಹೋಯಿತು. ವಕೀಲೆ ಹೇಳಿದ್ದಂತೆಯೇ ಅವನು ತಕರಾರು ಎತ್ತಿದ. ಇವಳು ವಾಪಸ್ಸು ಬಂದಿದ್ದಳು, ನಾವು ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದೇವೆ, ಊರೇ ನೋಡಿದೆ. ವಕೀಲೆ ಟೀಚರಮ್ಮನನ್ನು ಸಾಕ್ಷಿಗೆ ಕರೆಸಿದಳು. ಟೀಚರಮ್ಮ ಸೆರಗು ಸರಿಮಾಡಿಕೊಂಡು ಕಂಡದ್ದನ್ನು ಕಂಡಹಾಗೆ ಹೇಳಿದಳು. ಸಂಜೆಯಾದರೆ ಈಕೆ ಹೊರಟುಬಿಡುತ್ತಿದ್ದಳು. ಒಂದು ದಿನ ಇರುತ್ತೇನೆ ಅಂದದ್ದಕ್ಕೆ ಮುದುಕಿ ಬೀದಿಗೆ ಕೇಳುವ ಹಾಗೆ ಬೈದು ಓಡಿಸಿದರು. "ಆಯಮ್ಮನಿಗೆ ಸೊಸೆ ಕಂಡ್ರೆ ಆಗ್ತಿರಲಿಲ್ಲ ಸರ್. ಮುಖ ಕೊಟ್ಟು ಮಾತಾಡ್ತಿರಲಿಲ್ಲ."

ಅವನು ಎದ್ದು ನಿಂತ. ಮೊದಲ ಸಲ ಅವನ ದನಿ ಏರಿತ್ತು. "ಸುಳ್ಳು ಸರ್. ನಮ್ಮಮ್ಮನಿಗೆ ಇವಳು ಅಂದ್ರೆ ಪ್ರಾಣ. ನನಗಿಂತ ಹೆಚ್ಚು."

ಮದುವೆಯಾದಾಗಿನಿಂದ ಅವನ ಬಾಯಿಂದ ಬಂದ ಮಾತುಗಳಲ್ಲಿ ಅವಳು ನಂಬಬಹುದಾದ ಮಾತು ಅದೊಂದೇ ಇತ್ತೇನೋ.

ನ್ಯಾಯಾಧೀಶರು ಅವಳನ್ನು ಕಟಕಟೆಗೆ ಕರೆದರು. "ಏನಮ್ಮ? ಇವರು ಹೇಳೋದು ಸರಿಯೋ, ಸಾಕ್ಷಿ ಹೇಳಿದ್ದು ಸರಿಯೋ?"

ವಕೀಲೆ ತನ್ನ ಫೈಲನ್ನೇ ನೋಡುತ್ತಿದ್ದಳು. ಕಟಕಟೆಯ ಮರ ಬೆವರಿಗೆ ಜಿಗುಟಾಗಿತ್ತು. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಸಾಕ್ಷಿ ಹೇಳಿದ್ದು ಸರ್. ಅತ್ತೆಗೆ ನನ್ನನ್ನ ಕಂಡ್ರೆ ಆಗ್ತಿರಲಿಲ್ಲ."

ಟೈಪು ಮಾಡುವವನು ತಲೆಯೆತ್ತಿ, ಸ್ವಲ್ಪ ಜೋರಾಗಿ ಹೇಳಿ, ಕೇಳಿಸಲಿಲ್ಲ ಅಂದ.

ಅವಳು ಇನ್ನೊಮ್ಮೆ ಹೇಳಿದಳು.