ಗಾಳಿ ತಿರುಗುವ ಹೊತ್ತು

ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳಿಗೆ ಒಂದು ಗುಡ್ಡ ಹತ್ತುವುದು ಎಂತ ಮಹಾ ಎಂದುಕೊಂಡಿದ್ದೆ. ಅರ್ಧ ದಾರಿಗೇ ಮಂಡಿ ಕೈಕೊಟ್ಟಿತು. ಅಮಾಸೆಬೈಲಿನ ಮೇಲಿನ ಕಾಡು ಅದು. ಪಾರ್ಕ್ ಎಂದು ಬೋರ್ಡು ಹಾಕಿದ ಮೇಲೆ ನಮ್ಮಂಥವರನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಆವತ್ತು ಬಿಟ್ಟದ್ದು ಇಪ್ಪತ್ತು ಬಂಗುಡೆಯ ದೆಸೆಯಿಂದ. ಹೊಸ ರೇಂಜರ್ ಪ್ರೇಮಾನಂದ ಸಾಹೇಬರು ಸುಟ್ಟ ಕಾಡು ನೋಡಲು ಬರುತ್ತಾರೆ, ಮಧ್ಯಾಹ್ನದ ಊಟ ಮೇಲಿನ ಶೆಡ್ಡಿನಲ್ಲಿ, ಕಾರವಾರ ಕಡೆಯವರಾದ್ದರಿಂದ ಮೀನಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ, ನಿನ್ನ ಹೆಂಡತಿಯನ್ನು ಕರೆದುಕೊಂಡು ಬಾ ಎಂದು ನಮ್ಮವರಿಗೆ ಆಫೀಸಿನಲ್ಲಿ ಹೇಳಿದ್ದರು.

ನಮ್ಮವರ ಹೆಸರು ಪದ್ದು. ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ. ಹೇಳದೆ ಈ ಸಂಗತಿ ಹೇಳಲು ಬರುವುದಿಲ್ಲ, ಏನು ಮಾಡಲಿ.

ಮೀನು ನೆಪ. ನಾನು ಹೊರಟದ್ದು ನಮ್ಮವರು ಒಂದು ಕಾಗದಕ್ಕೆ ಸಹಿ ಹಾಕುವುದನ್ನು ಕಣ್ಣಾರೆ ನೋಡಲು. ಫೆಬ್ರವರಿಯಲ್ಲಿ ಈ ಕಾಡಿಗೆ ಬೆಂಕಿ ಬಿದ್ದು ನಾಲ್ಕು ದಿನ ಉರಿಯಿತು. ಬೆಂಕಿ ಹಾಕಿದವನು ಜೇನು ತೆಗೆಯುವ ಐತ, ಅವನು ಬೆಂಕಿ ಹಾಕುವುದನ್ನು ನಾನು ಕಣ್ಣಿಂದ ನೋಡಿದ್ದೇನೆ ಎಂದು ನಮ್ಮವರ ಹೆಸರಿನಲ್ಲಿ ಆ ಕಾಗದದಲ್ಲಿ ಟೈಪು ಮಾಡಿದ್ದರು. ಸಹಿ ಬಿದ್ದರೆ ಐತನ ಮೇಲೆ ಕೇಸು ಗಟ್ಟಿಯಾಗುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ಬೀಳದಿದ್ದರೆ ಹಾಗಾದರೆ ಯಾರು ಹಾಕಿದ್ದು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಇಡೀ ಲೋಕದಲ್ಲಿ ಇಬ್ಬರು, ನಾನು ಮತ್ತು ನಮ್ಮವರು.

ಬೆಂಕಿ ಹಾಕಿದ್ದು ನಮ್ಮವರೇ. ಬೇಕೆಂದು ಅಲ್ಲ.

ಅವರು ಮರವಂತೆಯವರು, ಹುಟ್ಟಿದಂದಿನಿಂದ ದೋಣಿಯಲ್ಲಿ ಬೆಳೆದವರು. 1994ರಲ್ಲಿ ದೋಣಿ ಮಗುಚಿ ಅವರ ತಮ್ಮ ಹೋದ. ಆಮೇಲೆ ಇವರು ನೀರಿಗೆ ಇಳಿಯಲಿಲ್ಲ. ಕಡಲು ನಮ್ಮ ಮನೆಯ ಹಿತ್ತಿಲನ್ನೂ ತಿಂದ ಮೇಲೆ ತ್ರಾಸಿಯಲ್ಲಿ ಬಾಡಿಗೆಗೆ ಬಂದೆವು. ಯಾರನ್ನೋ ಹಿಡಿದು, ಯಾರದೋ ಕಾಲು ಮುಟ್ಟಿ ಈ ಪಾರ್ಕಿನ ಗೇಟಿನಲ್ಲಿ ವಾಚರ್ ಕೆಲಸ ಸಿಕ್ಕಿತು. ಒಂಬತ್ತು ವರ್ಷ ಗೇಟಿನ ಬಿದಿರು ಎತ್ತಿದರು, ಇಳಿಸಿದರು. ಕಾಡಿನ ಒಳಗೆ ಅವರಿಗೆ ಕೆಲಸವೇ ಇರಲಿಲ್ಲ.

ಈ ವರ್ಷ ಗುಡ್ಡದ ಮೇಲಿನ ವಾಚರಿಗೆ ಕಾಮಾಲೆ ಆಯಿತು. ಬೆಂಕಿ ರೇಖೆ ಸುಡುವ ಕೆಲಸಕ್ಕೆ ಇವರನ್ನು ಕಳಿಸಿದರು. ಬೇಸಿಗೆಯಲ್ಲಿ ಬೆಂಕಿ ದಾಟಿ ಬರಬಾರದು ಎಂದು ಮೊದಲೇ ಒಂದು ಪಟ್ಟಿ ಒಣಹುಲ್ಲನ್ನು ಸುಟ್ಟು ಬೋಳು ಮಾಡಿ ಇಡುತ್ತಾರೆ, ಅದು ಬೆಂಕಿ ರೇಖೆ. ಬೆಳಿಗ್ಗೆ ಗಾಳಿ ಗುಡ್ಡದಿಂದ ಕೆಳಗೆ ಇಳಿಯುವಾಗ ಕಡ್ಡಿ ಗೀರಿದರೆ ಬೆಂಕಿ ಕೆಳಗಿನ ಮಣ್ಣು ರಸ್ತೆವರೆಗೆ ಬಂದು ತನ್ನಷ್ಟಕ್ಕೆ ಆರುತ್ತದೆ. ಗಾಳಿ ತಿರುಗಿ ಮೇಲಕ್ಕೆ ಏರತೊಡಗುವ ಮೊದಲು ಕೆಲಸ ಮುಗಿಸಬೇಕು, ಅಷ್ಟೇ. ಗಾಳಿಯ ವಿಷಯ ನನಗೆ ಹೇಳಿಕೊಡುವುದು ಬೇಡ ಎಂದು ಇವರು ಎದೆ ತಟ್ಟಿ ಹೋದರಂತೆ. ಒಂಬತ್ತಕ್ಕೆ ಬೆಂಕಿ ಕೊಟ್ಟರು. ಅರ್ಧ ಗಂಟೆಯೊಳಗೆ ಗಾಳಿ ತಿರುಗಿತು. ಬೆಂಕಿ ರಸ್ತೆ ಬಿಟ್ಟು ಕಾಡಿಗೆ ಹತ್ತಿತು.

ಆವತ್ತು ಸಂಜೆ ಬಸ್ಸಿನಲ್ಲಿ ಬಂದು ಇಳಿದಾಗ ಹುಬ್ಬಿನ ಕೂದಲು ಸುಟ್ಟು ಹೋಗಿತ್ತು. ನೀರು ಕುಡಿದು ಎಲ್ಲ ಹೇಳಿದರು. ನಾಳೆ ಆಫೀಸಿಗೆ ಹೋಗಿ ಹೇಳುತ್ತೇನೆ ಎಂದರು. ನಾನು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಒಂದೇ ಮಾತು ಹೇಳಿದೆ.

"ಬಾಯಿ ಮುಚ್ಕಂಡ್ ಕೂಕಣಿ."

ಕೆಲಸ ಕಾಯಂ ಮಾಡುವ ಪಟ್ಟಿಯಲ್ಲಿ ಅವರ ಹೆಸರು ಆ ವರ್ಷವೇ ಮೇಲೆ ಹೋಗಿತ್ತು. ನಾನು ತಪ್ಪು ಮಾಡಿದೆನೋ ಸರಿ ಮಾಡಿದೆನೋ ಆಗ ಯೋಚಿಸಲಿಲ್ಲ. ದಣಿದಿದ್ದೆ. ಕಡಲು ತಿಂದದ್ದು ಸಾಕು, ಇನ್ನು ಬೆಂಕಿಯೂ ತಿನ್ನುವುದು ಬೇಡ ಎನಿಸಿತು.

ಅವರು ಬಾಯಿ ಮುಚ್ಚಿದರು. ರೇಖೆ ಯಾವತ್ತು ಸುಡಬೇಕು ಎಂದು ಆಫೀಸಿನವರು ದಿನ ಗೊತ್ತುಮಾಡಿರಲಿಲ್ಲ, ಹಾಗಾಗಿ ಇವರು ಆವತ್ತೇ ಕಡ್ಡಿ ಗೀರಿದ್ದು ಯಾರಿಗೂ ತಿಳಿಯಲಿಲ್ಲ. ನನ್ನ ಮಾತು ಅವರು ಯಾವತ್ತೂ ಮೀರಿದವರಲ್ಲ, ಅದೇ ಒಂದು ಕರ್ಮ. ಆಮೇಲೆ ಮೇಲಿನ ದಿಬ್ಬದ ಜೇನಿನ ಮರದ ಬುಡದಲ್ಲಿ ಐತನ ಸೂಡಿಯ ತುಂಡು ಸಿಕ್ಕಿತು. ಹೆಜ್ಜೇನು ಎಬ್ಬಿಸಲು ಹೊಗೆ ಹಾಕುತ್ತಾರಲ್ಲ, ಆ ಒಣಗರಿಯ ಸೂಡಿ. ಹಿಂದಿನ ಸಂಜೆ ಅವನು ಅಲ್ಲಿ ಜೇನು ತೆಗೆದದ್ದು ನಿಜ. ಕೇಳಿದರೆ ಹೌದು ಎಂದನಂತೆ. ಸೂಡಿ ಸರಿಯಾಗಿ ಆರಿಸಿದ್ದೆಯಾ ಎಂದು ಕೇಳಿದರೆ ತಲೆ ತಗ್ಗಿಸಿದನಂತೆ. ಅವನ ಜೇನಿನ ಪಾಸು ಕಿತ್ತುಕೊಂಡರು. ಅಪರಾಧ ತಾನಾಗಿ ಹೋಗಿ ಅವನ ತಲೆಯ ಮೇಲೆ ಕೂತಿತು, ನಾವು ಕೂರಿಸಲಿಲ್ಲ ಎಂದು ನಾನು ಒಂಬತ್ತು ತಿಂಗಳು ಸಮಾಧಾನ ಮಾಡಿಕೊಂಡೆ.

ಐತ ನನಗೆ ಹೊಸಬನಲ್ಲ. ವಾರಕ್ಕೊಮ್ಮೆ ಬಸ್ಸಿನಲ್ಲಿ ಅಮಾಸೆಬೈಲಿಗೆ ಮೀನು ತಂದಾಗ ಅವನು ಒಣಮೀನು ತೆಗೆದುಕೊಂಡು ಬಾಟಲಿಯಲ್ಲಿ ಜೇನು ಕೊಡುತ್ತಿದ್ದ. ನನ್ನ ಮಗಳು ಧನ್ಯಶ್ರೀ ಕೆಮ್ಮಿ ಕೆಮ್ಮಿ ನೀಲಿಯಾದಾಗ ಅವನು ಕೊಟ್ಟ ಜೇನೇ ಅವಳ ಗಂಟಲಿಗೆ ಇಳಿದದ್ದು. ಬೆಂಕಿಯ ನಂತರ ಅವನು ಮೀನಿಗೆ ಬರಲಿಲ್ಲ. ಸಿಟ್ಟಿರಬೇಕು, ಇರಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವನು ಬಾರದ್ದು ನನಗೆ ಒಳ್ಳೆಯದೇ ಆಯಿತು.

ಈಗ ಅದೇ ಐತ ನಮ್ಮ ಮುಂದೆ ನಡೆಯುತ್ತಿದ್ದ. ಜಾಗ ತೋರಿಸಲು ಅವನನ್ನೂ ಕರೆಸಿದ್ದರು. ನನ್ನ ಮಂಡಿ ನೋಡಿ ನನ್ನ ತಲೆಯ ಮೇಲಿನ ಬುಟ್ಟಿ ತೆಗೆದು ತನ್ನ ತಲೆಗೆ ಇಟ್ಟುಕೊಂಡ. ಕತ್ತಿಯಿಂದ ಒಂದು ಕೋಲು ಕಡಿದು ನನ್ನ ಕೈಗೆ ಕೊಟ್ಟ. ಬೈದಿದ್ದರೆ ಬದುಕುತ್ತಿದ್ದೆ. ಬೇಡ ಮಾರಾಯ, ನಾನೇ ಹೊರುತ್ತೇನೆ ಎಂದು ಎರಡು ಸಲ ಹೇಳಿದೆ. ಅವನು ನೆಲ ನೋಡುತ್ತ ನಡೆದ. ದಾರಿಯುದ್ದಕ್ಕೂ ಒಂದು ಸಲವೂ ತಲೆ ಎತ್ತಿ ಮರ ನೋಡಲಿಲ್ಲ. ಕಾಡಿನವನು ಕಾಡು ನೋಡದೆ ನಡೆಯುವುದನ್ನು ನಾನು ಅದೇ ಮೊದಲು ಕಂಡದ್ದು. ಬುಟ್ಟಿಯ ಭಾರಕ್ಕೆ ಇರಬೇಕು ಎಂದುಕೊಂಡೆ.

ಸುಟ್ಟ ಕಾಡು ಎಂದರೆ ಕಪ್ಪಗೆ ಬೋಳಾಗಿ ಇರುತ್ತದೆ ಎಂಬ ಲೆಕ್ಕದಲ್ಲಿ ನಾನಿದ್ದೆ. ಹಾಗಿರಲಿಲ್ಲ. ಒಂದು ಮಳೆಗಾಲ ಕಳೆದಿತ್ತಲ್ಲ. ಮುಳಿಹುಲ್ಲು ಆಳೆತ್ತರ ಬೆಳೆದಿತ್ತು. ಕೌಲು ಮರದ ಬುಡದಿಂದ ಕೆಂಪು ಚಿಗುರು ಎದ್ದಿತ್ತು, ಮೇಲಿನ ಕೊಂಬೆಯೆಲ್ಲ ಇದ್ದಿಲು. ಖಾಲಿಯಾದಲ್ಲೆಲ್ಲ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗಿತ್ತು, ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಒಂದು ಕಡೆ ಕಾಟಿ, ಅದೇ ಕಾಡುಕೋಣ, ಸೆಗಣಿ ಹಾಕಿ ಹೋಗಿತ್ತು, ಇನ್ನೂ ಹಸಿ ಇತ್ತು. ಹಸಿರು ನೋಡಿ ಸಾಹೇಬರು ಖುಷಿಪಟ್ಟರು. ಕಾಡು ತಾನಾಗಿ ಸುಧಾರಿಸಿಕೊಳ್ಳುತ್ತದೆ, ಇನ್ನು ಐದು ವರ್ಷಕ್ಕೆ ಗೊತ್ತೇ ಆಗುವುದಿಲ್ಲ ಎಂದು ಫೋಟೊ ತೆಗೆದರು. ನನ್ನ ಸೀರೆಯ ಸೆರಗು ಮರಗಳಿಗೆ ತಾಗಿ ತಾಗಿ ಕಪ್ಪಾಗಿತ್ತು. ಹಸಿರಿನ ಒಳಗೆ ಬೆಂಕಿ ಹಾಗೆಯೇ ಕೂತಿತ್ತು, ಮುಟ್ಟಿದವರಿಗೆ ಗೊತ್ತಾಗುತ್ತದೆ.

ಬೆಂಕಿ ರೇಖೆ ಇದ್ದ ಜಾಗಕ್ಕೆ ಬಂದಾಗ ಸಾಹೇಬರ ವಾಚಿನಲ್ಲಿ ಒಂಬತ್ತೂ ಕಾಲು. ಅದು ಗುಡ್ಡದ ಮೂಡು ಮಗ್ಗುಲು. ಬಿಸಿಲು ಮೊದಲು ಬೀಳುವುದು ಅಲ್ಲಿಗೇ. ನಾನು ಒಂದು ಬಂಡೆಯ ಮೇಲೆ ಕೂತೆ, ಬಂಡೆ ಆಗಲೇ ಬೆಚ್ಚಗಾಗಿತ್ತು. ಮೇಲಿನಿಂದ ತಂಪು ಗಾಳಿ ಮುಖಕ್ಕೆ ಬರುತ್ತಿತ್ತು. ಕಣ್ಣು ಮುಚ್ಚಿ ಎರಡು ನಿಮಿಷ ಸುಧಾರಿಸಿಕೊಂಡೆ. ಗಾಳಿ ನಿಂತಿತು. ಬೆವರು ಒಡೆಯಿತು. ಆಮೇಲೆ ಕುತ್ತಿಗೆಯ ಹಿಂದೆ ಬಿಸಿ ಗಾಳಿ ತಾಗಿತು. ಹುಲ್ಲೆಲ್ಲ ಒಮ್ಮೆಗೇ ಗುಡ್ಡದ ಮೇಲಕ್ಕೆ ಬಾಗಿತು.

ನಾನು ಮೀನುಗಾರನ ಮಗಳು. ಗಾಳಿ ತಿರುಗಿದ್ದು ನನಗೆ ಯಾರೂ ಹೇಳುವುದು ಬೇಡ. ನಮ್ಮಲ್ಲಿ ಬೆಳಗಿನ ಗಾಳಿ ದೋಣಿಯನ್ನು ಆಚೆ ಒಯ್ಯುತ್ತದೆ, ಹನ್ನೊಂದು ದಾಟಿದ ಮೇಲೆ ಪಡುಗಾಳಿ ಎದ್ದು ಈಚೆ ತರುತ್ತದೆ. ಕಡಲಿನವರ ಗಡಿಯಾರ ಅದು, ಅಪ್ಪ ಅಜ್ಜನಿಂದ ಬಂದದ್ದು. ಗುಡ್ಡಕ್ಕೆ ಬೇರೆ ಗಡಿಯಾರ ಇರುತ್ತದೆ, ಬಿಸಿಲು ಬಿದ್ದ ಕೂಡಲೇ ಗಾಳಿ ಹತ್ತುತ್ತದೆ ಎಂದು ಮರವಂತೆಯವನಿಗೆ ಯಾರು ಹೇಳಿದ್ದರು? ಐತನನ್ನು ಕೇಳಿದ್ದರೆ ಅವನು ಹೇಳುತ್ತಿದ್ದ. ಇವರು ಕೇಳಲಿಲ್ಲ. ಹನ್ನೊಂದರವರೆಗೆ ಹೊತ್ತಿದೆ ಎಂದು ನಂಬಿ ಕಡ್ಡಿ ಗೀರಿದರು.

ತಿರುಗಿ ನೋಡಿದೆ. ನಮ್ಮವರು ಬಾಗಿದ ಹುಲ್ಲನ್ನೇ ನೋಡುತ್ತ ನಿಂತಿದ್ದರು. ತಮ್ಮ ಮುಳುಗಿದ ದಿನ ಕಡಲಿನ ಕಡೆಗೆ ಹೀಗೇ ನೋಡುತ್ತಿದ್ದರು. ಒಂಬತ್ತು ತಿಂಗಳಲ್ಲಿ ಆ ಮನುಷ್ಯ ಎಷ್ಟು ಬಡಕಲಾಗಿದ್ದಾರೆ ಎಂದು ನನಗೆ ಆಗ ಕಂಡಿತು.

ಸಾಹೇಬರು ಬ್ಯಾಗಿನಿಂದ ಕಾಗದ ತೆಗೆದರು. ಎಲ್ಲರಿಗೂ ಕೇಳುವಂತೆ ಓದಿದರು. ಐತ ಎಂಬವನು ಜೇನು ತೆಗೆಯುವ ಸೂಡಿಯಿಂದ ಬೆಂಕಿ ಹಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐತ ಬುಟ್ಟಿ ಹೊತ್ತೇ ನಿಂತಿದ್ದ. ಅಲ್ಲ ಎನ್ನಲಿಲ್ಲ. ಸಾಹೇಬರು ಒಳ್ಳೆಯವರೇ. ನಿನಗೇನಾದರೂ ಹೇಳುವುದಿದೆಯಾ ಎಂದು ಅವನನ್ನೇ ಎರಡು ಸಲ ಕೇಳಿದರು. ಅವನು ಇಲ್ಲ ಎಂದು ತಲೆಯಾಡಿಸಿದ. ಪೆನ್ನು ನಮ್ಮವರ ಕೈಗೆ ಬಂತು.

ಅವರು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಮುಚ್ಚಿಸಿದವಳು ನಾನು ತಾನೇ. ತೆರೆಯಬೇಕಾದವಳೂ ನಾನೇ. ನನ್ನ ಬಾಯಿ ದೊಡ್ಡದು ಎಂದು ತ್ರಾಸಿಯಿಂದ ಮರವಂತೆಯವರೆಗೆ ಹೆಸರಾಗಿದೆ, ಆ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿತ್ತು. ಕಾಯಂ ಕೆಲಸ ಕಣ್ಣ ಮುಂದೆ ಬಂತು. ಬಾಡಿಗೆ ಮನೆ ಬಂತು. ನನ್ನ ಮಂಡಿ ಇನ್ನೆಷ್ಟು ವರ್ಷ ಬುಟ್ಟಿ ಹೊರುತ್ತದೆ ಎಂಬ ಯೋಚನೆಯೂ ಬಂತು. ಎದುರಿಗೆ ಐತ ನಿಂತಿದ್ದ, ತಲೆಯ ಮೇಲೆ ನನ್ನ ಬುಟ್ಟಿ.

"ಹೇಳಿ," ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು. "ಹೇಳಿ ಅಂದ್ರೆ. ಸಾಕ್ ಇನ್ನ್."

ಅವರು ಪೆನ್ನನ್ನು ಸಾಹೇಬರಿಗೆ ವಾಪಸು ಕೊಟ್ಟರು.

"ಬೆಂಕಿ ಹಾಕದ್ ನಾನ್, ಸಾರ್. ರೇಖೆ ಸುಡುಕ್ ಹಾಕದ್. ಗಾಳಿ ತಿರ್ಗುಕೆ ಹನ್ನೊಂದ್ ಆತ್ತ್ ಅಂದ್ಕಂಡಿದ್ದೆ. ಇವ ಈ ಬದಿಗೇ ಬರ್ಲಿಲ್ಲ."

ಸಾಹೇಬರಿಗೆ ಸಿಟ್ಟು ಬಂದದ್ದು ಸಹಜ. ಇಷ್ಟು ದಿನ ಎಲ್ಲಿ ಹೋಗಿತ್ತು ಈ ಮಾತು ಎಂದು ಕೇಳಿದರು. ನಾನು ಎದ್ದು ನಿಂತು, ನಾನೇ ಹೇಳಬೇಡಿ ಎಂದದ್ದು ಎಂದೆ. ಅವರು ಇನ್ನೂ ಏನೇನೋ ಹೇಳುತ್ತಿದ್ದರು, ಕೆಲಸದಿಂದ ತೆಗೆಯುವುದು, ಕೇಸು, ವರದಿ. ನನ್ನ ಕಿವಿಗೆ ಅರ್ಧ ಬಿತ್ತು. ನಾನು ಐತನನ್ನು ನೋಡುತ್ತಿದ್ದೆ. ಉಗಿಯುತ್ತಾನೆ, ಬುಟ್ಟಿ ಎತ್ತಿ ಒಗೆಯುತ್ತಾನೆ ಎಂದು ಕಾದಿದ್ದೆ. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು.

ಅವನು ಬುಟ್ಟಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ನಮ್ಮವರ ಹತ್ತಿರ ಬಂದು ಅವರ ಎರಡೂ ತೋಳು ಹಿಡಿದುಕೊಂಡ.

"ಪದ್ದಣ್ಣ, ಸಮಾ ಹೇಳ್. ಅದ್ ನಾನ್ ಅಲ್ದಾ?"

"ಅಲ್ಲ ಮಾರಾಯ."

"ನನ್ ಸೂಡಿ ಕಿಡಿ ಅಲ್ದಾ?"

"ಅಲ್ಲ."

ನನಗೆ ಆಗ ಅರ್ಥವಾಯಿತು. ಅವನು ಒಂಬತ್ತು ತಿಂಗಳು ಬಾಯಿ ಮುಚ್ಚಿದ್ದು ಹೆದರಿ ಅಲ್ಲ, ಸಿಟ್ಟಿಗೂ ಅಲ್ಲ. ಸೂಡಿಯನ್ನು ಮರದ ಬುಡದಲ್ಲೇ ಕಲ್ಲಿಗೆ ಉಜ್ಜಿ ಆರಿಸಿದ್ದನಂತೆ, ಆದರೂ ಒಂದು ಕಿಡಿ ಉಳಿದಿತ್ತೇನೋ ಎಂದು ಅವನೇ ನಂಬಿಬಿಟ್ಟಿದ್ದ. ತನ್ನನ್ನು ಸಾಕಿದ ಕಾಡನ್ನು ತಾನೇ ಸುಟ್ಟೆ ಎಂದುಕೊಂಡು ಅಷ್ಟು ದಿನ ಉಂಡಿದ್ದ, ಮಲಗಿದ್ದ, ಎದ್ದಿದ್ದ. ಪಾಸು ಕಿತ್ತುಕೊಂಡದ್ದು ಅವನಿಗೆ ಶಿಕ್ಷೆಯೇ ಆಗಿರಲಿಲ್ಲ. ನಾನು ಮುಚ್ಚಿಸಿದ್ದು ಒಂದೇ ಬಾಯಿ ಎಂದುಕೊಂಡಿದ್ದೆ.

ಅವನು ಕೈ ಬಿಟ್ಟು ತಲೆ ಎತ್ತಿದ. ಆವತ್ತು ಮೊದಲ ಸಲ ಎತ್ತಿದ್ದು. ಸುತ್ತ ನೋಡಿದ, ಮೇಲೆ ನೋಡಿದ. ದಿಬ್ಬದ ಮೇಲೆ ಅವನ ಜೇನಿನ ಮರ ಕಾಣುತ್ತಿತ್ತು, ದೊಡ್ಡ ತಾರೆ ಮರ. ಒಂದು ಮಗ್ಗುಲು ಪೂರ್ತಿ ಸತ್ತಿತ್ತು, ಇನ್ನೊಂದು ಕಡೆ ಎಲೆ ಬಂದಿತ್ತು. ಹೆಜ್ಜೇನು ಇರಲಿಲ್ಲ. ಅವನು ಆ ಮರದವರೆಗೆ ನಡೆದುಹೋಗಿ ಅದಕ್ಕೆ ಹಣೆ ಒತ್ತಿ ನಿಂತ. ಅವನ ಬೆನ್ನು ಅಲುಗುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು.

ತಿರುಗಿ ಬಂದಾಗ ಅವನ ಹಣೆಗೆಲ್ಲ ಇದ್ದಿಲು ಹತ್ತಿತ್ತು.

"ಇಷ್ಟ್ ದಿನ ಇದರ್ ಮುಖ ಕಾಂಬುಕ್ ಆಯ್ಲಿಲ್ಲ, ಅಕ್ಕ," ಎಂದ. ನನ್ನನ್ನು ಮೊದಲಿನ ಹಾಗೆ ಅಕ್ಕ ಎಂದೇ ಕರೆದ.

ಮೀನು ಹುರಿಯಲಿಲ್ಲ. ಸಾಹೇಬರು ಊಟ ಬೇಡ ಎಂದು ಇಳಿದು ಹೋದರು. ನಮ್ಮವರು ಅವರ ಹಿಂದೆ ಆಫೀಸಿಗೆ ಹೋಗಬೇಕಾಯಿತು. ಅವರ ನಡಿಗೆ ಮಾತ್ರ ಹಗುರವಾಗಿತ್ತು, ಕೆಲಸ ಹೋದವರ ನಡಿಗೆ ಅಲ್ಲ ಅದು. ನಾನು ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಾಗ ಐತ ಅದಕ್ಕೆ ಕೈ ಹಾಕಿದ. ನಾನು ಕೊಡಲಿಲ್ಲ. ಅವನೂ ಬಿಡಲಿಲ್ಲ, ಮಂಡಿ ನೋವಲ್ಲವಾ ಎಂದ. ನಾನು ಅವನ ಬೆರಳು ಒಂದೊಂದಾಗಿ ಬಿಡಿಸಿ, ಬುಟ್ಟಿಯನ್ನು ನನ್ನ ತಲೆಗೇ ಇಟ್ಟುಕೊಂಡು ಕೋಲು ಊರುತ್ತ ಇಳಿದೆ. ಕೆಳಗಿನ ರಸ್ತೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಇಪ್ಪತ್ತು ಬಂಗುಡೆಯೂ ಹಾಳಾಗಿ ವಾಸನೆ ಬರುತ್ತಿತ್ತು.